ಎಳಿ ಹರದದ್ದು ಯಾರಿಗೆ ಕಾಣಬೇಕು?

ಬೆಳಗಾವಿಯ ಖಾಸಬಾಗದಲ್ಲಿ ಹಗಲುಹೊತ್ತು ಇಬ್ಬರು ಕೂತು ಸಾವಕಾಶ ಮಾತಾಡಬೇಕಾದರೆ ಕರೆಂಟ್ ಹೋಗಿರಬೇಕು. ಮಗ್ಗ ನಡೆದಾಗ ಮಾತೆಲ್ಲ ಕೈಸನ್ನೆಗೆ ಇಳಿಯುತ್ತದೆ. ಮೇ ತಿಂಗಳ ಅಂಥದೊಂದು ಮಧ್ಯಾಹ್ನ ನಡೆದ ಮಾತಿದು. ಹುಡುಗಿ ಒಂಬತ್ತನೆಯ ತರಗತಿ ಮುಗಿಸಿದವಳು, ಊರಿನ ಇನ್ನೊಂದು ತುದಿಯಲ್ಲಿ ನಡೆದ ಕಂಪ್ಯೂಟರ್ ಮತ್ತು ರೊಬೊಟಿಕ್ಸ್ ಬೇಸಿಗೆ ಶಿಬಿರಕ್ಕೆ ಹೋಗಿಬಂದವಳು. ಮಾಮಾ ಅವಳ ಸೋದರಮಾವ, ಜಾಬರ್. ಶಹಾಪುರ, ವಡಗಾವಿ, ಖಾಸಬಾಗಗಳಲ್ಲಿ ಮಗ್ಗ ಕೆಟ್ಟರೆ ಕರೆ ಬರುವುದು ಅವರಂಥವರಿಗೆ.

ಮಾಮಾ: ಏನವಾ, ಸರ್ಟಿಫಿಕೇಟ್ ಗೋಡಿಗೆ ಹಾಕಿದ್ರೇನ?

ಹುಡುಗಿ: ಇನ್ನೂ ಇಲ್ಲ ಮಾಮಾ. ಅವ್ವ ಫ್ರೇಮ್ ಹಾಕಸೂನು ಅಂತಾಳ. ನನ್ನ ಹೆಸರಿನ್ಯಾಗ ಒಂದು ಅಕ್ಷರ ತಪ್ಪೈತಿ, ನಾನ ಬ್ಯಾಡ ಅಂದೇನಿ.

ಮಾಮಾ: ಫೀ ಎಣಿಸಿಕೊಳ್ಳುವಾಗ ಏನೂ ತಪ್ಪಿರಂಗಿಲ್ಲ. ಅದಿರಲಿ, ಏನ್ ಕಲಿಸಿದ್ರು ಹೇಳು. ರೋಬೋಟ್ ಅಂದ್ರ ಸಿನಿಮಾದಾಗಿನಂಗ ಕೈಕಾಲು ಇರತಾವೇನ?

ಹುಡುಗಿ: ಎಲ್ಲೀ ಕೈ, ಎಲ್ಲೀ ಕಾಲು. ಅಂಗೈಕಿಂತ ಚೂರು ದೊಡ್ಡದೊಂದು ಪ್ಲಾಸ್ಟಿಕ್ ತಗಡು, ಹಿಂದ ಎರಡು ಗಾಲಿ, ಮುಂದೊಂದು ಗುಂಡು ಗಾಲಿ. ಗಾಲಿಗೊಂದರಂಗ ಹಳದಿ ಬಿಓ ಮೋಟರ್. ಮ್ಯಾಲ ಆರ್ಡ್ವಿನೋ ಬೋರ್ಡ್. ಇಟಲಿಯ ಇವ್ರಿಯಾ ಅನ್ನೂ ಊರಾಗ 2005ರ ಸುಮಾರಿಗೆ ಹುಡುಗೂರಿಗೆ ಕಲಸಾಕಂತನ ಅದನ್ನ ಮಾಡಿದ್ರಂತ. ಅದರೊಳಗಿನ ಚಿಪ್ಪಿಗೆ ಸೆಕೆಂಡಿಗೆ 1 ಕೋಟಿ 60 ಲಕ್ಷ ಟಿಕ್.

ಮಾಮಾ: ನಮ್ಮ ಮಗ್ಗ ನಿಮಿಷಕ್ಕ ನೂರಾ ಇಪ್ಪತ್ತು ಹೊಕ್ಕು ಹಾಕತೈತಿ. ಅಂದ್ರ ಸೆಕೆಂಡಿಗೆ ಎರಡು.

ಹುಡುಗಿ: ನಾನೂ ಆ ಲೆಕ್ಕ ಮಾಡೇನಿ. ಒಂದು ಹೊಕ್ಕಿಗೂ ಇನ್ನೊಂದು ಹೊಕ್ಕಿಗೂ ನಡಕ ಆ ಚಿಪ್ಪಿಗೆ 80 ಲಕ್ಷ ಟಿಕ್ ಸಿಗತಾವು. ನಿದ್ದಿ ಮಾಡಿ ಎದ್ದು ಬಂದ್ರೂ ಟೈಮ್ ಉಳೀತೈತಿ.

ಮಾಮಾ: ಹಂಗಾರ ತ್ರಾಸು ಎಲ್ಲೈತಿ?

ಹುಡುಗಿ: ಮೊದಲನೇ ದಿನಾನ ಗೊತ್ತಾತು. ಎರಡೂ ಮೋಟರಿಗೆ ಒಂದೇ ಆರ್ಡರ್ ಕೊಟ್ಟೆ. ಸೀದಾ ಹೋಗಬೇಕಲ್ಲ? ಎಡಕ್ಕ ಎಳೀತು. ಕೋಡ್ ತಗದು ನೋಡಿದೆ, ಅಳಿಸಿ ಬರದೆ, ಬಾಜೂ ಹುಡುಗನ ಕೋಡ್ ಕಾಪಿ ಹೊಡದೆ. ಅವಂದು ಬಲಕ್ಕ ಎಳದಿತ್ತು, ನಂದು ಮತ್ತ ಎಡಕ್ಕ. ಕಡೀಕ ಸರ್ ನಕ್ಕೊಂತ ಬಂದು, ಒಂದ ಡಬ್ಬಿಯೊಳಗಿನ ಎರಡು ಮೋಟರ್ ಯಾವತ್ತೂ ಒಂದ ಸಮ ತಿರುಗಂಗಿಲ್ಲ ಅಂದ್ರು. ಅದನ್ನ ಮೊದಲ ಹೇಳಬಾರದಾಗಿತ್ತ?

ಮಾಮಾ: ಹೇಳಿದ್ರ ನಿನಗ ನೆನಪ ಇರತಿರಲಿಲ್ಲ. ಚಲೋ ಮಾಸ್ತರ ಅದಾನ ಬಿಡು. ಒಂದ ಫೌಂಡ್ರಿಯಾಗ ಎರಕ ಹೊಯ್ದ ಎರಡು ಮಗ್ಗ ತಂದು ಕೂಡಿಸು, ಒಂದಕ್ಕ ಲಾಳಿ ಜೋರು ಹೊಡಿತೈತಿ, ಇನ್ನೊಂದಕ್ಕ ಮೆತ್ತಗ. ಅವು ಒಂದ ಸಮ ಇದ್ದಿದ್ರ ನನಗ ಹೊಟ್ಟಿಗಿ ಎಲ್ಲಿಂದ ಸಿಗಬೇಕು?

ಹುಡುಗಿ: ನಿನ್ನಂಥವನ ಒಬ್ಬನ ಕತಿ ಹೇಳಿದ್ರು ಸರ್. ಸೇಮೂರ್ ಪೇಪರ್ಟ್ ಅಂತ, ದಕ್ಷಿಣ ಆಫ್ರಿಕಾದಾಗ ಹುಟ್ಟಿದವ, ಸಣ್ಣವ ಇದ್ದಾಗಿಂದ ಗೇರಿನ ಹುಚ್ಚು. ಲೆಕ್ಕ ಬಿಡಿಸುವಾಗೂ ತಲಿಯಾಗ ಗೇರು ತಿರುಗಿಸಿಕೊಂತ ಕೂಡತಿದ್ನಂತ. ದೊಡ್ಡವನಾಗಿ ಅಮೆರಿಕದಾಗ ಹುಡುಗೂರ ಸಲುವಾಗಿ ಲೋಗೋ ಅನ್ನೂ ಭಾಷಾ ಮಾಡೂದ್ರಾಗ ಮುಂದಿದ್ದ. 1967ರಾಗ. ನೆಲದ ಮ್ಯಾಲ ಆಮಿಯಂಗ ಹರಿದಾಡೂ ಯಂತ್ರಕ್ಕ ಹುಡುಗೂರು ಆ ಭಾಷಾದಾಗ ಹುಕುಂ ಕೊಡೂದು. ನಮ್ಮ ಗಾಡಿಗೋಳು ಅದರ ಮೊಮ್ಮಕ್ಕಳಂತ.

ಮಾಮಾ: ಗೇರು ಆಡಿಕೊಂತ ಬೆಳದವ ಅಂದ್ರ ಖರೇನ ಮನುಷ್ಯಾ. ಇಲ್ಲಿ ಹುಟ್ಟಿದ್ರ ಜಾಬರ್ ಆಗತಿದ್ದ, ರವಿವಾರದ ಸಂತ್ಯಾಗ ಬೋಲ್ಟು ಆರಿಸಿಕೊಂತ ಅಡ್ಡಾಡತಿದ್ದ. ಶಿಬಿರದಾಗ ಎಷ್ಟು ಮಂದಿ ಇದ್ರಿ? ಎಲ್ಲಾರಿಗೂ ಒಂದೊಂದು ಗಾಡಿ ಇತ್ತೇನ?

ಹುಡುಗಿ: ನಾಲ್ಕು ಮಂದಿಗೆ ಒಂದು. ನಮ್ಮ ಗುಂಪಿನ್ಯಾಗ ಒಬ್ಬಂವ ಲ್ಯಾಪ್‌ಟಾಪ್ ತಂದಿದ್ದ, ಕೀಲಿಮಣಿ ಅವನ ಕೈಯಾಗನ ಉಳೀತು. ಇನ್ನೊಬ್ಬ ಸ್ಕ್ರೂ ತಿರುಗಸಾಂವ. ನಾವಿಬ್ರೂ ಹುಡುಗ್ಯಾರು. ನಮಗ ಚಾರ್ಟ್ ಬರಿಯಾಕ ಹಚ್ಚಿದ್ರು, ನಿಮ್ಮ ಅಕ್ಷರ ದುಂಡಗ ಅದಾವು ಅಂತ.

ಮಾಮಾ: ನೀ ಸುಮ್ನ ಬರದಿ?

ಹುಡುಗಿ: ಬರದೆ. ಆ ಚಾರ್ಟ್ ಕೆಲಸಕ್ಕೂ ಬಂತು, ಕೇಳಿಲ್ಲಿ. ಗೆರಿ ಹಿಂಬಾಲಿಸೂ ಗಾಡಿ ಮಾಡೂದಿತ್ತು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬ್ಯಾನರ್ ಬೋರಲು ಹಾಕಿ, ಬಿಳಿ ಬದಿಗೆ ಕರೀ ಟೇಪ್ ಅಂಟಿಸಿದ್ರು. ಗಾಡಿ ಹೊಟ್ಟಿ ಕೆಳಗ ಐಆರ್ ಸೆನ್ಸರ್. ಅದು ಕಣ್ಣಿಗೆ ಕಾಣದ ಬೆಳಕು ಬಿಡತೈತಿ. ಬಿಳಿ ಮ್ಯಾಲ ಬಿದ್ರ ಹೊಳ್ಳಿ ಬರತೈತಿ, ಕರೀ ಮ್ಯಾಲ ಬಿದ್ರ ನುಂಗಿಹೋಗತೈತಿ. ಅಷ್ಟರ ಮ್ಯಾಲ ಗೆರಿ ಎಲ್ಲೈತಿ ಅಂತ ತಿಳಕೋಬೇಕು. ಮುಂಜಾನೆ ಚಂದ ಓಡೀತು. ಹನ್ನೊಂದು ಗಂಟೆಕ್ಕ ಹುಚ್ಚು ಹಿಡದಂಗ ಗಿರಗಿರ ತಿರುಗಾಕ ಹತ್ತಿತು. ಎಲ್ಲಾ ಗುಂಪಿಂದೂ ಅದ ಕತಿ. ಹುಡುಗೂರೆಲ್ಲ ಲ್ಯಾಪ್‌ಟಾಪಿಗೆ ಮುಖ ಹಚ್ಚಿದ್ರು, ನಂಬರ್ ಬದಲಿ ಮಾಡತಾರ, ಬೈತಾರ. ಅಲ್ಲೀತನಕ ಇಂಗ್ಲೀಷಿನ್ಯಾಗ ನಡದಿದ್ದ ಶಿಬಿರ ಒಮ್ಮಿಂದೊಮ್ಮೆಲೆ ಮರಾಠಿ, ಕನ್ನಡ, ಉರ್ದುಕ್ಕ ಇಳೀತು.

ಮಾಮಾ: ತ್ರಾಸು ಬಂದಾಗ ಬೆಳಗಾವಿ ಹೊರಗ ಬರತೈತಿ. ಆಮ್ಯಾಲ?

ಹುಡುಗಿ: ಲ್ಯಾಪ್‌ಟಾಪ್ ನನಗ ಕೊಟ್ಟಿದ್ದಿಲ್ಲಲ್ಲ, ನಾ ನೆಲ ನೋಡಿಕೊಂತ ನಿಂತಿದ್ದೆ. ಕಿಡಕಿಯಿಂದ ಬಿಸಿಲು ಬಂದು ಬ್ಯಾನರ್ ಮ್ಯಾಲ ಬಿದ್ದಿತ್ತು. ಗಾಡಿ ಬಿಸಿಲಿಗೆ ಹೋದಾಗಷ್ಟ ದಾರಿ ತಪ್ಪತಿತ್ತು. ಚಾರ್ಟ್ ತಗೊಂಡು ಅಡ್ಡ ಹಿಡದೆ. ನೆಳ್ಳಾಗ ಸೀದಾ ಹೋತು. ಬಿಸಿಲಿನ್ಯಾಗೂ ಅದ ಬೆಳಕು ಇರತೈತಿ, ರಾಶಿಗಟ್ಲೆ. ಸೆನ್ಸರಿಗೆ ತಂದು ಯಾವುದು, ಸೂರ್ಯಂದು ಯಾವುದು ಅಂತ ಗೊತ್ತಾಗಂಗಿಲ್ಲ.

ಮಾಮಾ: ಕೋಡ್‌ದಾಗ ಏನೂ ತಪ್ಪಿದ್ದಿಲ್ಲ ಅಂದಂಗಾತು.

ಹುಡುಗಿ: ಏನೂ ಇಲ್ಲ. ಇನ್ನೊಂದು ಸೆನ್ಸರ್ ಇತ್ತು, ನಮಗ ಕೇಳಿಸದ ಸಪ್ಪಳ ಬಿಟ್ಟು, ಅದು ಬಡದು ಹೊಳ್ಳಿ ಬರಾಕ ಎಷ್ಟು ಹೊತ್ತು ಹಿಡೀತು ಅಂತ ಲೆಕ್ಕಾ ಹಾಕಿ ದೂರ ಅಳಿಯೂದು. ಗೋಡಿ ಬಂದ್ರ ನಿಲ್ಲತಿತ್ತು, ಪರದಾ ಬಂದ್ರ ಸೀದಾ ಹೋಗಿ ಸಿಕ್ಕೋತಿತ್ತು. ಅರಬಿ ಸಪ್ಪಳಾ ನುಂಗತೈತಿ. ನಮ್ಮನ್ಯಾಗ ಬಿಟ್ಟಿದ್ರ ಒಂದು ತಾಸು ಬದುಕತಿದ್ದಿಲ್ಲ ಅದು. ಎತ್ತ ನೋಡಿದ್ರೂ ಸೀರಿ.

ಮಾಮಾ: ಹ್ಞೂಂ. ಗೆರಿ ಹಿಡದು ಹೋಗೂದು ಹೆಂಗ ಅಂತ ಇನ್ನೂ ಹೇಳಲಿಲ್ಲ. ಗೆರಿ ಬಿಟ್ಟು ಎಡಕ್ಕ ಹೋದ್ರ ಬಲಕ್ಕ ತಿರುಗು, ಬಲಕ್ಕ ಹೋದ್ರ ಎಡಕ್ಕ ತಿರುಗು. ಹಿಂಗ?

ಹುಡುಗಿ: ಮೊದಲ ಹಂಗನ ಮಾಡಿದ್ವಿ. ಕುಡದವರಂಗ ಹೋಗತಿತ್ತು. ಹೊಳ್ಳೂದು ತಡಾ ಆಗತಿತ್ತು, ಹೊಳ್ಳಿದ್ರ ಹೆಚ್ಚಾಗತಿತ್ತು. ಆಗ ಸರ್ ಮೈನಾರ್ಸ್ಕಿ ಅನ್ನಾಂವನ ಸುದ್ದಿ ತಗದ್ರು. 1922ರಾಗ ಅಮೆರಿಕದ ನೌಕಾಪಡಿ ಹಡಗಿನ ಸಲುವಾಗಿ, ತನ್ನಿಂದ ತಾನ ದಿಕ್ಕು ಹಿಡಿಯೂ ಯಂತ್ರದ ಗಣಿತ ಬರದಾಂವ. ಅಂವ ಏನ್ ಮಾಡಿದ ಗೊತ್ತೇನ? ಚುಕ್ಕಾಣಿ ಹಿಡದ ನಾವಿಕರ ಕೈ ನೋಡಿದ. ಚಲೋ ನಾವಿಕ ಈಗ ಎಷ್ಟು ದಿಕ್ಕು ತಪ್ಪೈತಿ ಅಂತಷ್ಟ ನೋಡಂಗಿಲ್ಲ. ತಪ್ಪೂದು ಎಷ್ಟು ಜೋರು ಹೆಚ್ಚಾಗಾಕತ್ತೈತಿ, ಎಷ್ಟೊತ್ತಿನಿಂದ ತಪ್ಪಿಕೊಂತ ಬಂದೈತಿ, ಮೂರನ್ನೂ ಅಂದಾಜು ಹಿಡದು ಚುಕ್ಕಾಣಿ ತಿರುವತಾನ. ಆ ಮೂರನ್ನ ಲೆಕ್ಕಕ್ಕ ಇಳಿಸಿದ್ದಕ್ಕ ಈಗ ಪಿಐಡಿ ಅಂತಾರ. ನಮ್ಮ ಗಾಡಿಯೊಳಗೂ ಅದ ಐತಿ, ಫ್ಯಾಕ್ಟರಿ ಭಟ್ಟಿಯೊಳಗೂ ಅದ ಐತಿ.

ಮಾಮಾ: ಆ ನಾವಿಕರ ಹೆಸರು?

ಹುಡುಗಿ: ಸರ್ ಹೇಳಲಿಲ್ಲ.

ಮಾಮಾ: ಹೇಳೂದುಲ್ಲ. ಕೈ ಯಾರದೋ, ಗಣಿತ ಯಾರದೋ. ಇರಲಿ ಬಿಡು. ಜಾಕಾರ್ಡಿನ ಸುದ್ದಿ ಬರಲಿಲ್ಲೇನ? ಕಂಪ್ಯೂಟರ್ ಕಲಸಾವ್ರು ಅದನ್ನ ಬಿಡಂಗಿಲ್ಲ ಅಂತ ಕೇಳೇನಿ.

ಹುಡುಗಿ: ಬಂತು! ಪರದೆ ಮ್ಯಾಲ ಫೋಟೋ ಹಾಕಿದ್ರು. 1804, ಫ್ರಾನ್ಸಿನ ಲಿಯಾನ್ ಊರು, ಜೋಸೆಫ್ ಮರೀ ಜಾಕಾರ್ಡ್. ತೂತಿನ ಕಾರ್ಡು, ತೂತಿದ್ರ ಎಳಿ ಏಳತೈತಿ, ಇಲ್ಲಾಂದ್ರ ಇಲ್ಲ. ಹೊಕ್ಕಿಗೊಂದು ಕಾರ್ಡು. ಜಾಕಾರ್ಡನ ಮೋತಿಯನ್ನ ರೇಷ್ಮಿಯೊಳಗ ನೇಯಾಕ 24,000 ಕಾರ್ಡು ಹತ್ತಿದ್ವಂತ. ಆ ಬಟ್ಟಿ ಒಂದನ್ನ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತರಿಸಿಕೊಂಡು ಮನ್ಯಾಗ ಇಟ್ಟುಕೊಂಡಿದ್ದ. ಕಂಪ್ಯೂಟರಿನ ಮೊದಲ ನಕಾಶಿ ಹಾಕಿದಾಂವ, ತನ್ನ ಯಂತ್ರಕ್ಕೂ ಅಂಥಾವ ಕಾರ್ಡು ಬೇಕಂದಾಂವ. ಎಲ್ಲಾರೂ ಬಾಯಿ ತಗದು ನೋಡಿದ್ರು. ಇದನ್ನೆಲ್ಲ ಈಗ ಮ್ಯೂಸಿಯಂದಾಗ ನೋಡಬೇಕು ಅಂದ್ರು ಸರ್. ನಾ ಕೈ ಎತ್ತಿ, ನಮ್ಮ ಮನಿಯೊಳಗ ಎರಡು ಅದಾವ ಸರ್, ಕಾರ್ಡಿನ ಮ್ಯಾಲ ಇಲಿ ಅಡ್ಡಾಡತಾವು ಅಂದೆ.

ಮಾಮಾ: ಅದಕ್ಕ ಅವರು?

ಹುಡುಗಿ: ಖಾಸಬಾಗಕ್ಕ ಯಾವ ಬಸ್ ಬರತೈತಿ ಅಂತ ಕೇಳಿದ್ರು. ಬರೂನು ಅಂದಾರ.

ಮಾಮಾ: ಬರಲಿ, ಚಾ ಕುಡಸೂನು. ಆದ್ರ ನೀ ಒಂದು ಮಾತು ತಲಿಯಾಗ ಇಟ್ಕೊ. ನಮ್ಮಜ್ಜನ ಮಗ್ಗನ ಕಂಪ್ಯೂಟರಿನ ಅಪ್ಪ ಅಂತ ಭಾಷಣಾ ಮಾಡವ್ರು ಭಾಳ ಮಂದಿ. ಅದರಿಂದ ನಮ್ಮ ಸೀರಿಗೆ ಒಂದು ರೂಪಾಯಿ ಕೂಲಿ ಹೆಚ್ಚಾಗಿಲ್ಲ. ಜಾಕಾರ್ಡಿಗೆ ನೆನಪಷ್ಟ ಐತಿ, ಕಣ್ಣಿಲ್ಲ. ಕಾರ್ಡು ಎತ್ತು ಅಂತು, ಎತ್ತಿತು. ಕೊಂಡಿಗೆ ಎಳಿ ಐತೋ, ಹರದು ಜೋತುಬಿದ್ದೈತೋ, ಅದಕ್ಕೇನ ಗೊತ್ತು? ಬುಟ್ಟಾ ಹಾಕಿಕೊಂತ ಹೊಂಟ ಬಿಡತೈತಿ.

ಹುಡುಗಿ: ಅದ ನನ್ನ ಪ್ರಾಜೆಕ್ಟ್ ಆಗಿತ್ತು ಮಾಮಾ! ಕಡೀ ದಿನ ಪಾಲಕರಿಗೆ ತೋರಸೂದಿತ್ತು. ಹಾಸಿನ ಎಳಿ ಹರದ್ರ ಹೇಳೂ ಯಂತ್ರ ಮಾಡತೀನಿ ಅಂದೆ. ನಮ್ಮ ಗುಂಪಿನವ್ರು ಒಪ್ಪಲಿಲ್ಲ. ಮನಷ್ಯಾನ ಹಿಂದ ಹಿಂದ ಬರೂ ಗಾಡಿ ಮಾಡಿದ್ರ ಚಪ್ಪಾಳಿ ಬೀಳತೈತಿ ಅಂದ್ರು. ಬಿತ್ತು ಮತ್ತ. ನಂದು ಮನಿಯಾಗ ಉಳೀತು. ಎರಡು ಐಆರ್ ಸೆನ್ಸರ್ ಇಸಕೊಂಡು ಬಂದು ಹಾಸಿನ ಮ್ಯಾಲ ಹಿಡದೆ. ಆಗಲಿಲ್ಲ.

ಮಾಮಾ: ಯಾಕಾಗಲಿಲ್ಲ?

ಹುಡುಗಿ: ಎಳಿ ಕೂದಲಿನಷ್ಟು ಸಣ್ಣ, ಹೊಳ್ಳಿ ಬರೂ ಬೆಳಕು ಏನೂ ಇಲ್ಲ. ಮಗ್ಗ ನಡುಗತೈತಿ, ಸೆನ್ಸರ್ ನಡುಗತೈತಿ. ಅರ್ಧ ತಾಸಿನ್ಯಾಗ ನೂಲಿನ ಪುಸಿ ಅದರ ಕಣ್ಣು ಮುಚ್ಚಿಬಿಡತೈತಿ. ಕ್ಯಾಮರಾ ಇದ್ರ ಆಗತಿತ್ತೇನೋ.

ಮಾಮಾ: ಕ್ಯಾಮರಾಕ್ಕೂ ಪುಸಿ ಹತ್ತತೈತಿ. ಒಂದು ನಿಮಿಷ ತಡಿ. ಆ ಕಟ್ಟಿ ಕೆಳಗಿನ ಪಾರ್ಲೆ ಡಬ್ಬಿ ತಾ. ಹ್ಞಾಂ, ಇದ. ಕೈ ಒಡ್ಡು.

ಹುಡುಗಿ: ಏನಿವು? ಬ್ಲೇಡಿನಂಗ ಅದಾವು.

ಮಾಮಾ: ಹೆದರಬ್ಯಾಡ, ಅಂಚು ಹರಿತ ಇಲ್ಲ. ಡ್ರಾಪ್ ಪಿನ್ ಅಂತಾರ. ಇಚಲಕರಂಜಿಯೊಳಗ ಒಂದು ಮಿಲ್ ಸಾಮಾನು ಗುಜರಿಗೆ ಹಾಕಿದಾಗ ತಂದಿದ್ದೆ. ಎತ್ತಿ ಹಿಡಿ. ತೂಕ ಐತೇನ?

ಹುಡುಗಿ: ಏನೂ ಇಲ್ಲ. ಎಣ್ಣಿ ವಾಸನಿ ಐತಿ. ಮ್ಯಾಲೊಂದು ಉದ್ದ ಸೀಳು, ಕೆಳಗೊಂದು ತೂತು.

ಮಾಮಾ: ಕೆಳಗಿನ ತೂತಿನೊಳಗ ಹಾಸಿನ ಒಂದು ಎಳಿ. ಬೀಮಿನಿಂದ ಬರೂ ಎಳಿ ಬಿಗಿ ಇರತೈತಲ್ಲ, ಆ ಬಿಗಿಗೆ ಇದು ಜೋತು ಬಿದ್ದು ನಿಂತಿರತೈತಿ. ಮ್ಯಾಲಿನ ಸೀಳಿನೊಳಗ ಅಡ್ಡಕ್ಕ ಒಂದು ಪಟ್ಟಿ, ಮಗ್ಗದ ಈ ಕಡಿಂದ ಆ ಕಡಿತನಕ. ಪಟ್ಟಿ ಅಂದ್ರ ಒಂದಲ್ಲ, ಎರಡು, ನಡಕ ಕರೆಂಟ್ ಹಾಯದಂಗ ಪ್ಯಾಕಿಂಗ್. ಒಂದು ತಂತಿ ಇದಕ್ಕ, ಒಂದು ತಂತಿ ಅದಕ್ಕ. ಎಳಿ ಇರೂತನಕ ಪಿನ್ ಪಟ್ಟಿಗೆ ತಾಕಂಗಿಲ್ಲ. ಎಳಿ ಹರೀತು ಅನ್ನು.

ಹುಡುಗಿ: ಪಿನ್ ಬೀಳತೈತಿ. ಬಿದ್ರ ಸೀಳಿನ ಮ್ಯಾಲಿನ ಅಂಚು ಎರಡೂ ಪಟ್ಟಿಗೆ ತಾಕತೈತಿ. ಸರ್ಕಿಟ್ ಕೂಡತೈತಿ!

ಮಾಮಾ: ಮಗ್ಗ ನಿಲ್ಲತೈತಿ. ಮುಗೀತು.

ಹುಡುಗಿ: ಬೆಳಕು ಬ್ಯಾಡ, ಕೋಡ್ ಬ್ಯಾಡ. ಅಂದ್ರ ಎಳಿನ ಸೆನ್ಸರ್. ಎರಡು ಮೂರು ಸಾವಿರ ಎಳಿ, ಅಷ್ಟೂ ಸೆನ್ಸರ್. ಪುಸಿ ಕುಂತ್ರ?

ಮಾಮಾ: ಬೀಳೂ ಪಿನ್ ಪುಸಿನ್ನ ತಳ್ಳಿಕೊಂಡು ಬೀಳತೈತಿ, ಬಹಳ ಸರ್ತಿ. ಎಲ್ಲಾ ಸರ್ತಿ ಅಲ್ಲ. ತೂಕದ್ದ ಒಂದು ಗುಟ್ಟು. ಪಿನ್ ಹಗರ ಆದ್ರ ಬೀಳಾಕ ತಡಾ, ಭಾರ ಆದ್ರ ಅದ ಎಳಿ ಹರಿತೈತಿ. ಕಾಯಾಕಂತ ಇಟ್ಟವನ ಕಳುವು ಮಾಡಿದಂಗ. ನೂಲಿನ ನಂಬರ್ ನೋಡಿ ಪಿನ್ ಆರಿಸಬೇಕು.

ಹುಡುಗಿ: ಹೊಕ್ಕಿನ ಎಳಿ ಹರದ್ರ ನಮ್ಮ ಮಗ್ಗ ತಾನ ನಿಲ್ಲತೈತಲ್ಲ, ಅದು ಹೆಂಗ?

ಮಾಮಾ: ಅದು ವೆಫ್ಟ್ ಫೋರ್ಕ್. ಬದೀಗೆ ಮೂರು ಹಲ್ಲಿನ ಸಣ್ಣ ಮುಳ್ಳಿನಂಥಾದ್ದು ಐತಿ ನೋಡು. ಲಾಳಿ ಎಳಿ ಬಿಟ್ಟು ಹೋಗಿದ್ರ ಆ ಎಳಿ ಹಲ್ಲನ್ನ ಹಿಂದಕ್ಕ ತಳ್ಳತೈತಿ, ಬಾಲ ಮ್ಯಾಲ ಏಳತೈತಿ. ಎಳಿ ಇಲ್ಲಾಂದ್ರ ಬಾಲ ಏಳಂಗಿಲ್ಲ, ಕೆಳಗಿನ ಕೊಕ್ಕಿ ಬಂದು ಅದನ್ನ ಹಿಡದು ಜಗ್ಗತೈತಿ, ಹ್ಯಾಂಡಲ್ ಬಿಡತೈತಿ. ಎರಡು ಹೊಕ್ಕಿಗೊಮ್ಮೆ ಮುಟ್ಟಿ ನೋಡತೈತಿ ಅದು. ಹೊಕ್ಕು ಮುಟ್ಟಿ ನೋಡೂ ಮಗ್ಗಕ್ಕ ಹಾಸಿನ ಚಿಂತಿ ಇಲ್ಲ.

ಹುಡುಗಿ: ಡ್ರಾಪ್ ಪಿನ್ ಇಷ್ಟು ಸರಳ ಇದ್ರ ನಮ್ಮ ಮಗ್ಗಕ್ಕ ಯಾಕಿಲ್ಲ? ಇದು ಹೊಸಾದಂತೂ ಅಲ್ಲ.

ಮಾಮಾ: ಎಲ್ಲೀ ಹೊಸಾದು. ಟೊಯೋಟಾ ಕಾರ್ ನೋಡೀಯಲ್ಲ? ಕಾರ್ ಮಾಡೂಕಿಂತ ಮೊದಲ ಅವರು ಮಗ್ಗದವರು. ಸಾಕಿಚಿ ಟೊಯೊಡಾ ಅಂತ ಜಪಾನಿನಂವ. ಸಣ್ಣವ ಇದ್ದಾಗಿಂದ ಅವ್ವ ನೇಯೂದು ನೋಡಿದಾಂವ. 1924ಕ್ಕ ಅಂವ ಮಾಡಿದ ಆಟೊಮ್ಯಾಟಿಕ್ ಮಗ್ಗ ಎಳಿ ಹರದ್ರ ನಿಲ್ಲತಿತ್ತು, ಕಂಡಿಕೆ ತೀರಿದ್ರ ನಿಲ್ಲದನ ಲಾಳಿ ಬದಲಿ ಮಾಡಿಕೊಳ್ಳತಿತ್ತು. ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಾಗ ಅದರ ಹಕ್ಕಿಗೆ ಒಂದು ಲಕ್ಷ ಪೌಂಡಿನ ಕರಾರು ಮಾಡಿಕೊಂಡಿತು. ಮಗ್ಗದ ರೊಕ್ಕದ ಬೆನ್ನ ಮ್ಯಾಲನ ಆ ಮನಿತನ ಮೋಟಾರಿಗೆ ಇಳೀತು. ಮೋಟಾರ್ ಕಂಪನಿ ಆದದ್ದು 1937ರಾಗ.

ಹುಡುಗಿ: ನೂರು ವರ್ಷ ಆತು!

ಮಾಮಾ: ಇನ್ನೂ ಕೇಳು. ರಾಜ್ಯದ ತುಂಬಾ ಇಂಜಿನಿಯರಿಂಗ್ ಪರೀಕ್ಷೆ ನಡಸೂ ವಿಟಿಯು ಇರೂದು ಇದ ಊರಿನ ಮಚ್ಛೆಯೊಳಗ, 1998ರಿಂದ. ಉದ್ಯಮಬಾಗದಾಗ ನೀ ಹೇಳಿದ ಭಾಗ ಎರಕ ಹೊಯ್ದು, ಕಡದು ಕೊಡೂ ಮಂದಿ ಅದಾರ. ಇತ್ತ ಖಾಸಬಾಗದ ಮಗ್ಗ ಕುರುಡ ಉಳದೈತಿ. ಬುದ್ಧಿ ಇಲ್ಲಂತ ಅಲ್ಲ. ನೋಡೂ ಕಣ್ಣು ಸೋವಿ ಐತಿ ಅಂತ.

ಹುಡುಗಿ: ಯಾರ ಕಣ್ಣು?

ಮಾಮಾ: ನಿಮ್ಮವ್ವಂದು. ಮಾಲಕ ಬೀಮು ಕೊಡತಾನ, ನೂಲು ಕೊಡತಾನ, ಸೀರಿಗಿಷ್ಟು ಅಂತ ಕೂಲಿ ಕೊಡತಾನ. ನೋಡೂದಕ್ಕ ಕೂಲಿ ಇಲ್ಲ. ಎಳಿ ಹರದದ್ದು ಕಾಣದ ಹೋದ್ರ ಸೀರಿ ಮ್ಯಾಲ ಗೆರಿ ಬೀಳತೈತಿ, ಡ್ಯಾಮೇಜ್ ಅಂತ ಕೂಲಿ ಕಡೀತಾನ. ಹರದ ಎಳಿ ಬಾಜೂ ಎಳಿಗೆ ಸುತ್ತಿಕೊಂಡು ಲಾಳಿ ನಡಕ ಸಿಕ್ಕೊಂಡ್ರ ಒಂದ ಏಟಿಗೆ ನೂರಾರು ಎಳಿ. ಅವನ್ನ ಒಂದೊಂದ ಹೊಸದು ಕಟ್ಟಿಕೊಂತ ಕೂಡೂ ದಿನದ ಕೂಲಿ ಯಾರದು? ಅದೂ ಆಕಿದ. ನಷ್ಟೆಲ್ಲ ಈ ಕಡಿಗೆ ಬಿದ್ದಾಗ ಆ ಕಡಿಯಂವ ಪಿನ್ನಿಗೆ ಯಾಕ ರೊಕ್ಕ ಹಾಕತಾನ?

ಹುಡುಗಿ: ಹಂಗಾರ ನಾವ ಹಾಕೂನು. ಮಗ್ಗ ನಮ್ದ ಐತಲ್ಲ.

ಮಾಮಾ: ಹಾಕಬಹುದು. ಆದ್ರ ಟೊಯೊಡಾನ ಮಗ್ಗ ಬಂದ ಮ್ಯಾಲ ಒಬ್ಬ ಕೆಲಸಗಾರನ ಕೈಗೆ ಮೂವತ್ತಕ್ಕಿಂತ ಹೆಚ್ಚು ಮಗ್ಗ ಕೊಟ್ರು. ಇಲ್ಲಿ ಒಬ್ರು ಎರಡು ನೋಡತಾರ. ಸೂರತ್ತಿನ್ಯಾಗ ರೇಪಿಯರ್ ಮಗ್ಗ ಎಷ್ಟೊಂದು ಒಬ್ಬಾಂವ ನೋಡತಾನ, ಅವಕ್ಕ ಎಲ್ಲಾ ಕಣ್ಣು ಅದಾವು, ಕಾರ್ಡಿನ ಬದಲಿಗೆ ಪೆನ್ ಡ್ರೈವ್. ಇಲ್ಲಿ ಎಲ್ಲಾರ ಮಗ್ಗಕ್ಕೂ ಪಿನ್ ಕೂತ್ವು ಅನ್ನು. ನಾಳೆ ಮಾಲಕ, ನಾಲ್ಕು ಮಗ್ಗ ನೋಡು ತಂಗಿ, ಈಗ ಕೆಲಸ ಹಗರಾಗೇತಲ್ಲ ಅಂತಾನ. ಬಾಜೂ ಮನಿಯಾಕಿಗೆ ಬೀಮು ಬರಂಗಿಲ್ಲ.

ಹುಡುಗಿ: ಅದಕ್ಕ ಮಾಡಬಾರದ ಅಂತಿಯೇನ?

ಮಾಮಾ: ಹಂಗಂದ್ರ ನಾ ಈ ಡಬ್ಬಿ ಇಷ್ಟು ವರ್ಷ ಯಾಕ ಇಟ್ಟುಕೊಳ್ಳತಿದ್ದೆ? ಮಗ್ಗ ನಿಲ್ಲಸೂದು ಒಂದು, ಹೇಳೂದು ಇನ್ನೊಂದು. ನಿಂದು ಬರೇ ಹೇಳಲಿ. ನಿಲ್ಲಸೂದು ಆಕಿ ಕೈಯಾಗ ಇರಲಿ.

ಹುಡುಗಿ: ಅಲಾರಂ. ಬಝರ್ ನನ್ನ ಹತ್ರ ಐತಿ. ಇಡೀ ಹಾಸಿಗೆ ಪಿನ್ ಸಾಲಂಗಿಲ್ಲ. ಯಾವ ಎಳಿ ಹೆಚ್ಚು ಹರೀತಾವು?

ಮಾಮಾ: ದಡಿ ಕಡೇವು. ಬದೀಗೆ ತಿಕ್ಕಾಟ ಜಾಸ್ತಿ. ಎಡಕ್ಕ ನಲವತ್ತು, ಬಲಕ್ಕ ನಲವತ್ತು ಎಳಿಗೆ ಹಾಕಿ ನೋಡು. ಡಬ್ಬಿಯೊಳಗ ಅಷ್ಟು ಅದಾವು. ಪಟ್ಟಿಗೆ ಅಲ್ಯುಮಿನಿಯಂ ಕಿಡಕಿ ಚಾನೆಲ್ ಸಾಕು, ನಡಕ ಸೈಕಲ್ ಟ್ಯೂಬಿನ ರಬ್ಬರ್.

ಹುಡುಗಿ: ನಿನ್ನ ಗಣಿತದಾಗ ಆರ್ಡ್ವಿನೋಕ್ಕ ಕೆಲಸ ಇಲ್ಲ. ಬ್ಯಾಟರಿ, ಪಿನ್, ಬಝರ್, ಮುಗೀತು.

ಮಾಮಾ: ಐತಿ. ಮಗ್ಗ ನಡುಗಿದಾಗ ಪಿನ್ ಒಮ್ಮೊಮ್ಮೆ ಹಂಗ ತಾಕಿ ಬಿಡತೈತಿ. ಬಿದ್ದ ಪಿನ್ ಯಾವುದು, ಬರೇ ಕುಣದದ್ದು ಯಾವುದು, ಅದನ್ನ ನಿನ್ನ 80 ಲಕ್ಷ ಟಿಕ್ ಹೇಳಲಿ.

ಹುಡುಗಿ: ಡಿಬೌನ್ಸ್! ಸ್ವಿಚ್ಚಿಗೆ ಮಾಡಿದ್ವಿ ಅದನ್ನ. ಒಂದು ಹೊಕ್ಕಿನಷ್ಟು ಹೊತ್ತು ಒಂದ ಸಮ ತಾಕಿಕೊಂಡಿದ್ರಷ್ಟ ಹರದೈತಿ ಅನ್ನೂದು. ಅವ್ವಾ, ಕೇಳಿದೇನ? ಎಳಿ ಹರದ್ರ ಇನ್ನ ಮ್ಯಾಲ ಬಝರ್ ಹೊಡಕೋತೈತಿ.

ಅಷ್ಟು ಹೊತ್ತು ಹಿಟ್ಟು ನಾದುತ್ತಿದ್ದ ತಾಯಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಇಬ್ಬರನ್ನೂ ನೋಡಿದ ರೀತಿಯಲ್ಲಿ, ಇವರಿಬ್ಬರಿಗೂ ಕಿವಿ ಇದೆಯೋ ಇಲ್ಲವೋ ಎಂಬ ಅನುಮಾನವಿತ್ತು.

ತಾಯಿ: ಎರಡು ಮಗ್ಗ ನಡದಾಗ ಬಾಗಿಲ ಬಡದ್ರ ಕೇಳಂಗಿಲ್ಲ ನನಗ, ನಿನ್ನ ಬಝರ್ ಕೇಳತೈತೇನ? ದೀಪ ಹಚ್ಚು. ಕೆಂಪಂದು. ಮಗ್ಗದ ಮ್ಯಾಲ ಅಲ್ಲ, ಇಲ್ಲಿ, ಈ ಚೌಕಟ್ಟಿನ ಮ್ಯಾಲ. ರೊಟ್ಟಿ ಬಡಿಯೂ ಮುಂದ ಕಾಣಬೇಕು. ಎಡಗಡೆ ಮಗ್ಗಕ್ಕೊಂದು, ಬಲಗಡೆ ಮಗ್ಗಕ್ಕೊಂದು.

ಮಾಮಾ: ವಾಯರ್ ಎಷ್ಟು ಹತ್ತತೈತಿ ಅಳದುಕೊಂಡು ಬಾ. ಮ್ಯಾಲ ತಗದುಕೊಂಡು ಹೋಗೂ ಲೆಕ್ಕದಾಗ ಅಳಿ, ಕಾರ್ಡಿನ ಸರಪಳಿಗೆ ಸಿಗಬಾರದು.